ಮಂಗಳನ ಧೂಳಿಗೆ ಉಬ್ಬುವ ಬಾನು

1997ರ ನವೆಂಬರ್ ಕೊನೆಗೆ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಮಂಗಳನ ವಾತಾವರಣದ ಮೇಲಂಚನ್ನು ಸವರುತ್ತ ಸುತ್ತುತ್ತಿತ್ತು. ಗಾಳಿಯ ತಡೆಯಿಂದಲೇ ವೇಗ ಕಳೆದುಕೊಂಡು ಕಕ್ಷೆಯನ್ನು ಕಿರಿದಾಗಿಸಿಕೊಳ್ಳುವ ಈ ಉಪಾಯಕ್ಕೆ ಏರೋಬ್ರೇಕಿಂಗ್ ಎಂದು ಹೆಸರು. ಇಂಧನವೇನೋ ಉಳಿಯುತ್ತದೆ, ಆದರೆ ಗಾಳಿಯ ಸಾಂದ್ರತೆಯ ಲೆಕ್ಕ ತಪ್ಪುವಂತಿಲ್ಲ. ಈ ನೌಕೆಯ ಸೌರಫಲಕವೊಂದು ಸರಿಯಾಗಿ ಬಿಚ್ಚಿ ಕೂತಿರಲಿಲ್ಲವಾದ್ದರಿಂದ ಅಳುಕು ಇನ್ನೂ ಹೆಚ್ಚು. ಆಗ ದಕ್ಷಿಣಾರ್ಧದ ನೋವಾಕಿಸ್ ಪ್ರದೇಶದಲ್ಲಿ ಧೂಳೆದ್ದಿತು. ನೌಕೆ ಗಾಳಿಗೆ ಇಳಿಯುತ್ತಿದ್ದುದು ಉತ್ತರಾರ್ಧದಲ್ಲಿ, ನೆಲದಿಂದ ಸುಮಾರು 130 ಕಿ.ಮೀ. ಮೇಲೆ. ಹಾಗಿದ್ದೂ ಕೆಲವೇ ದಿನಗಳಲ್ಲಿ ಅಲ್ಲಿನ ಸಾಂದ್ರತೆ ಇಮ್ಮಡಿಯಾಯಿತು.

ಧೂಳು ಅಷ್ಟೆತ್ತರಕ್ಕೆ ಹೋಗಿರಲಿಲ್ಲ. ಹೋಗಬೇಕಾಗಿಯೂ ಇಲ್ಲ. ಮಂಗಳನ ಗಾಳಿಯ ಒತ್ತಡ ನಮ್ಮದರ ನೂರರಲ್ಲೊಂದು ಪಾಲಿಗಿಂತ ಕಡಿಮೆ. ಅಷ್ಟು ತೆಳುವಾದ ಗಾಳಿಯಲ್ಲಿ ತೇಲುವ ನುಣ್ಣನೆಯ ಕಣಗಳು ಬಿಸಿಲು ಹೀರಿ ಸುತ್ತಲಿನ ಅನಿಲವನ್ನು ಕಾಯಿಸುತ್ತವೆ. ಕಾದ ಅನಿಲ ಹಿಗ್ಗಿ ತನ್ನ ಮೇಲಿನ ಪದರಗಳನ್ನೆಲ್ಲ ಎತ್ತುತ್ತದೆ. ಜೊತೆಗೆ ಗ್ರಹವ್ಯಾಪಿ ಗಾಳಿಯ ಹರಿವೂ ಚುರುಕಾಗುವುದರಿಂದ ದಕ್ಷಿಣದ ಪೆಟ್ಟು ಉತ್ತರಕ್ಕೂ ತಟ್ಟುತ್ತದೆ.

ನೀರಿನ ಮೇಲಿನ ಪರಿಣಾಮ ಇದಕ್ಕಿಂತ ಗಂಭೀರ. ಮಾಮೂಲಿ ದಿನಗಳಲ್ಲಿ ನೀರಾವಿ ಹತ್ತಾರು ಕಿ.ಮೀ. ಏರುವಷ್ಟರಲ್ಲಿ ಚಳಿಗೆ ಹಿಮದ ಹರಳಾಗಿ ಅಲ್ಲೇ ನಿಲ್ಲುತ್ತದೆ. ಧೂಳು ಆ ತಣ್ಣನೆಯ ಪದರವನ್ನೇ ಕಾಯಿಸಿದರೆ ತಡೆ ಸಡಿಲ. 2018ರಲ್ಲಿ ಇಡೀ ಗ್ರಹವನ್ನು ಮುಸುಕಿದ ಬಿರುಗಾಳಿಯ ವೇಳೆ, 150 ಕಿ.ಮೀ. ಎತ್ತರದಲ್ಲಿ ನೀರಿನ ಅಂಶ ಸುಮಾರು 20 ಪಟ್ಟು ಏರಿದ್ದನ್ನು ನಾಸಾದ ಮೇವನ್ ನೌಕೆ ಅಳೆಯಿತು. ಅಲ್ಲಿ ವಿದ್ಯುದಾವೇಶ ಹೊತ್ತ ಕಣಗಳು, ಅಂದರೆ ಅಯಾನುಗಳು, ನೀರಿನ ಅಣುವನ್ನು ಬೇಗನೆ ಒಡೆಯುತ್ತವೆ. ಹಗುರವಾದ ಜಲಜನಕ ಮಂಗಳನ ದುರ್ಬಲ ಗುರುತ್ವವನ್ನು ಮೀರಿ ಪಾರಾಗುತ್ತದೆ. ಸಂಶೋಧಕರ ಲೆಕ್ಕದಲ್ಲಿ, 45 ದಿನಗಳ ಇಂಥ ಒಂದು ಬಿರುಗಾಳಿ ಹೊರಹಾಕುವ ಜಲಜನಕ, ಶಾಂತವಾದ ಇಡೀ ಮಂಗಳ ವರ್ಷದಲ್ಲಿ, ಎಂದರೆ 687 ದಿನಗಳಲ್ಲಿ, ಸೋರಿಹೋಗುವಷ್ಟು. ಹಾಗಾದರೆ ಮಂಗಳ ಒಂದೇ ಹದದಲ್ಲಿ, ಮೆಲ್ಲಗೆ ಒಣಗಿತೆಂದು ನಂಬುವುದು ಕಷ್ಟ.

ಅದೇ ಬಿರುಗಾಳಿಯಲ್ಲಿ ಮೇಲ್ಪದರ ಕಾದು ಉಬ್ಬಿದ್ದನ್ನು ನಮ್ಮ ಮಂಗಳಯಾನದ ಮೆಂಕಾ ಉಪಕರಣವೂ ದಾಖಲಿಸಿತು. ಆ ನೌಕೆ 2022ರಲ್ಲಿ ಸಂಪರ್ಕ ಕಡಿದುಕೊಂಡಿತು. 2025ರ ಡಿಸೆಂಬರ್ 6ರಂದು ಗ್ರಹದ ಮರೆಗೆ ಸರಿದ ಮೇವನ್, ಈಚೆ ಬಂದಾಗ ಸಂಕೇತ ಕಳಿಸಲಿಲ್ಲ. ಹೀಗೆ ಮೇಲ್ಪದರವನ್ನು ಅಳೆದ ಈ ಎರಡೂ ನೌಕೆಗಳು ಕೈತಪ್ಪಿದವು.

ಮುಂದೆ ಹೋಗುವ ನೌಕೆಗಳು ಧೂಳಿನ ಕಾಲ ತಪ್ಪಿಸಿ ಹೋದರಾಯಿತಲ್ಲ ಎನ್ನಬಹುದು. ದೊಡ್ಡ ಬಿರುಗಾಳಿಗಳು ಏಳುವುದು ಹೆಚ್ಚಾಗಿ ಮಂಗಳ ಸೂರ್ಯನಿಗೆ ಹತ್ತಿರ ಬರುವ ಅವಧಿಯಲ್ಲಿ, ನಿಜ. ಆದರೆ ಭೂಮಿಯಿಂದ ಹೊರಡುವ ಮುಹೂರ್ತ 780 ದಿನಗಳಿಗೊಮ್ಮೆ ಬರುತ್ತದೆ, ಮಂಗಳನ ವರ್ಷ 687 ದಿನ. ಹೀಗಾಗಿ ಪ್ರತಿ ಸಲವೂ ತಲುಪುವ ಋತು ಮೂರು ತಿಂಗಳಷ್ಟು ಮುಂದಕ್ಕೆ ಜಾರುತ್ತದೆ. ಕೆಲವು ಯಾತ್ರೆಗಳು ಧೂಳಿನ ಕಾಲಕ್ಕೇ ಸಿಕ್ಕುವುದು ಖಚಿತ. ಇಡೀ ಗ್ರಹ ಮುಚ್ಚುವ ಬಿರುಗಾಳಿ ಯಾವ ವರ್ಷ ಬರುತ್ತದೆಂಬುದೂ ಪಂಚಾಂಗಕ್ಕೆ ಸಿಗದು: 2001, 2007, ಆಮೇಲೆ ಹನ್ನೊಂದು ವರ್ಷ ಬಿಟ್ಟು 2018. ಮನುಷ್ಯರನ್ನು ಅಲ್ಲಿಗೆ ಇಳಿಸುವ ಮಾತು ಜೋರಾಗಿರುವಾಗ, ಮೇಲ್ಪದರದ ಸಾಂದ್ರತೆಯನ್ನು ದಿನದಿನವೂ ಅಳೆದು ತಿಳಿಸುವ ನೌಕೆಯೊಂದು ಅವರಿಗಿಂತ ಮೊದಲೇ ಅಲ್ಲಿ ಸುತ್ತುತ್ತಿರಬೇಕು.