ಡೇರೆಗೆ ಬಂದ ಮೂವರು ಯಾರು?

ನಡು ಮಧ್ಯಾಹ್ನ. ಮಮ್ರೆ ತೋಪಿನಲ್ಲಿ ಡೇರೆಯ ಬಾಗಿಲಲ್ಲಿ ಕೂತಿದ್ದ ಅಬ್ರಹಾಮ ತಲೆಯೆತ್ತಿದರೆ ಎದುರಿಗೆ ಮೂವರು ನಿಂತಿದ್ದಾರೆ. ಓಡಿಹೋಗಿ ಅಡ್ಡಬೀಳುತ್ತಾನೆ, ಎಳೆಗರುವಿನ ಅಡುಗೆ ಮಾಡಿಸಿ ಬಡಿಸುತ್ತಾನೆ. ಬೈಬಲಿನ ಆದಿಕಾಂಡದ 18ನೇ ಅಧ್ಯಾಯದ ಈ ಕಥೆಯಲ್ಲಿ ಒಂದು ತೊಡಕಿದೆ. ದೇವರು ಪ್ರತ್ಯಕ್ಷನಾದ ಎಂದೇ ಕಥೆ ಶುರುವಾಗುತ್ತದೆ. ಕಂಡವರು ಮಾತ್ರ ಮೂವರು. ಮಾತು ಒಮ್ಮೆ ಒಬ್ಬನದು, ಒಮ್ಮೆ ಎಲ್ಲರದು.

11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿಗೆ ಇವರು ಮೂವರು ದೇವದೂತರು. ಅಬ್ರಹಾಮನ ಹೆಂಡತಿ ಸಾರಳಿಗೆ ಮಗ ಹುಟ್ಟುವ ಸುದ್ದಿ ಹೇಳುವವನೊಬ್ಬ, ಸೊದೋಮ್ ನಗರವನ್ನು ಕೆಡಹುವವನೊಬ್ಬ, ಅಬ್ರಹಾಮನನ್ನು ಗುಣಪಡಿಸುವವನೊಬ್ಬ.

2ನೇ ಶತಮಾನದ ಕ್ರೈಸ್ತ ಚಿಂತಕ ಜಸ್ಟಿನ್ ಬೇರೆಯೇ ಲೆಕ್ಕ ಹಾಕಿದ್ದ: ಒಬ್ಬ ದೇವರ ಮಗ, ಉಳಿದಿಬ್ಬರು ದೂತರು. ಮುಂದಿನ ಅಧ್ಯಾಯದಲ್ಲಿ ಸೊದೋಮಿಗೆ ತಲುಪುವವರು ಇಬ್ಬರೇ ಆದ್ದರಿಂದ ಲೆಕ್ಕ ತಾಳೆಯಾಗುತ್ತದೆ. ಅವನ ವಾದದ ತಳಹದಿಯೆಂದರೆ, ಸರ್ವಕ್ಕೂ ತಂದೆಯಾದವನು ಭೂಮಿಯ ಯಾವುದೋ ಮೂಲೆಯಲ್ಲಿ ಕಾಣಿಸಿಕೊಳ್ಳುವವನಲ್ಲ, ಕಾಣಿಸಿಕೊಳ್ಳುವವನು ಮಗ.

ಈ ತಳಹದಿಯೇ ಮುಂದೆ ಇಕ್ಕಟ್ಟಾಯಿತು. ಮಗ ತಂದೆಗೆ ಸರಿಸಮ, ಇಬ್ಬರದೂ ಒಂದೇ ತತ್ತ್ವ ಎಂದು ಕ್ರಿ.ಶ. 325ರಲ್ಲಿ ನೈಸಿಯದ ಸಭೆ ಸಾರಿತು. ತಂದೆ ಅಗೋಚರ, ಮಗ ಗೋಚರ ಎಂದರೆ ಇಬ್ಬರ ಸ್ವಭಾವವೇ ಬೇರೆಯಾಗಿ, ಮಗ ಕೀಳಾಗಿಬಿಡುತ್ತಾನೆ. ಹಾಗಾಗಿ ಕ್ರೈಸ್ತ ಚಿಂತಕ ಅಗಸ್ಟಿನ್ ‘ತ್ರಯೇಕತ್ವ’ (ಮೂವರಲ್ಲಿ ಒಬ್ಬನೇ ದೇವರೆಂಬ ಸಿದ್ಧಾಂತ) ಕುರಿತ ತನ್ನ ಗ್ರಂಥದಲ್ಲಿ ಕಥೆಯನ್ನು ಮತ್ತೆ ಓದಿದ. ಮೂವರಲ್ಲಿ ಯಾರೊಬ್ಬರೂ ಹೆಚ್ಚಿನವರೆಂದು ಕಥೆ ಹೇಳುವುದಿಲ್ಲ; ಅಂದಮೇಲೆ ತಂದೆ, ಮಗ, ಪವಿತ್ರಾತ್ಮರ ಸಮಾನತೆಯನ್ನೇ ಇಲ್ಲಿ ಏಕೆ ಕಾಣಬಾರದು ಎಂದು ಕೇಳಿದ.

15ನೇ ಶತಮಾನದ ರಷ್ಯನ್ ಸನ್ಯಾಸಿ ಆಂದ್ರೇ ರುಬ್ಲ್ಯೋವ್ ತನ್ನ ಪ್ರಸಿದ್ಧ ‘ತ್ರಯೇಕ’ ಚಿತ್ರದಲ್ಲಿ ಆ ಮೂವರನ್ನಷ್ಟೇ ಮೇಜಿನ ಸುತ್ತ ಕೂರಿಸಿದ. ಉಪಚಾರ ಮಾಡಿದ ಅಬ್ರಹಾಮ, ಮುಪ್ಪಿನಲ್ಲಿ ಮಗುವೇ ಎಂದು ಒಳಗೊಳಗೇ ನಕ್ಕ ಸಾರಳು ಇಬ್ಬರೂ ಮಾಯ. ತ್ರಯೇಕ ಸಿದ್ಧಾಂತ ಕಥೆಗೆ ಆಳ ಕೊಟ್ಟಿತು, ಅದರ ಮನುಷ್ಯರನ್ನು ಕಳೆಯಿತು.

ಹಾಗೆಂದು ಸಿದ್ಧಾಂತ ಗ್ರಂಥದಲ್ಲಿ ಇಲ್ಲದ್ದನ್ನು ತುರುಕಿತು ಎಂದುಬಿಡುವಂತಿಲ್ಲ. ಒಬ್ಬನೋ ಮೂವರೋ ಎಂಬ ತೊಡಕು ಕಥೆಯಲ್ಲೇ ಇತ್ತು. ಅದನ್ನು ಹೇಗೆ ಬಿಡಿಸಬಾರದು ಎಂದಷ್ಟೇ ಸಿದ್ಧಾಂತ ಹೇಳಿತು; ಹೀಗೇ ಬಿಡಿಸಬೇಕೆಂದು ಕಟ್ಟಿಹಾಕಲಿಲ್ಲ. ‘ದೇವನಗರ’ ಗ್ರಂಥ ಬರೆಯುವ ಹೊತ್ತಿಗೆ ಅದೇ ಅಗಸ್ಟಿನ್, ತ್ರಯೇಕ ದೇವರಲ್ಲಿನ ನಂಬಿಕೆಯನ್ನು ಎಳ್ಳಷ್ಟೂ ಸಡಿಲಿಸದೆ, ಬಂದವರು ದೇವದೂತರೇ ಎಂದು ಬರೆದ.