ಗೇರುಪೆಟ್ಟಿಗೆಯ ಕೆಂಪೆಣ್ಣೆ

ತಾನೇ ಗೇರು ಬದಲಿಸಿಕೊಳ್ಳುವ ಕಾರೊಂದನ್ನು ನಾನು ಕೊಂಡಾಗ, ‘ಇದರ ಗೇರಿನ ಎಣ್ಣೆ ಜೀವಮಾನಕ್ಕೆ ಸಾಕು’ ಎಂದರು. ನಂಬಿದೆ; ಗೇರುಪೆಟ್ಟಿಗೆ ಕೆಟ್ಟಿತು. ಆ ಬಳಿಕವೇ ಅದರ ಬಗೆಯನ್ನು ತಿಳಿದುಕೊಂಡೆ.

1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ಹೈಡ್ರಾಮ್ಯಾಟಿಕ್ ಬಂದಂದಿನಿಂದಲೂ ಈ ದ್ರವದ ಹೊಣೆ ದೊಡ್ಡದು: ಎಂಜಿನ್ನಿನ ಶಕ್ತಿಯನ್ನು ಸಾಗಿಸಬೇಕು, ಒತ್ತಡದಿಂದ ಕ್ಲಚ್ಚುಗಳನ್ನು ಬಿಗಿಹಿಡಿಯಬೇಕು, ಕಾವನ್ನೂ ಹೊತ್ತೊಯ್ಯಬೇಕು. ಆ ಕಾವೇ ಅದರ ಶತ್ರು. ಸಾಮಾನ್ಯವಾಗಿ ಕೆಂಪಾಗಿರುವ ಎಣ್ಣೆ ಕಪ್ಪಿಟ್ಟು ಸುಟ್ಟ ವಾಸನೆ ಬೀರಿದರೆ ಸತ್ವ ಉಡುಗಿತೆಂದೇ ತಿಳಿಯಬೇಕು.

ತಳದ ತಿರುಪು ಬಿಚ್ಚಿದರೆ ಎಲ್ಲವೂ ಇಳಿಯದು. ಟಾರ್ಕ್ ಕನ್ವರ್ಟರಿನಲ್ಲಿ ಸಾಕಷ್ಟು ಉಳಿದಿರುತ್ತದೆ. ಆದುದರಿಂದ ಇಳಿದುದನ್ನು ಅಳೆದು, ಕೈಪಿಡಿ ಸೂಚಿಸಿದ ಬಗೆಯದನ್ನೇ ಅಷ್ಟು ತುಂಬಿ, ಅದು ಹೇಳಿದ ಕ್ರಮದಲ್ಲಿಯೇ ಮಟ್ಟವನ್ನು ನೋಡಬೇಕು.

‘ಜೀವಮಾನಕ್ಕೆ’ ಎಂದಾಗ, ಯಾರ ಜೀವಮಾನವೆಂದು ನಾನು ಕೇಳಬೇಕಾಗಿತ್ತು.