ಹಳೆಯ ಪಿಕಪ್ ಗಾಡಿ – ಅನುಕೂಲವೋ, ತಲೆನೋವೋ?

ನಮ್ಮ ಮಲೆನಾಡಿನ ಬೆಳೆಗಾರನಿಗೆ ಎತ್ತಿನಗಾಡಿಯ ಕಾಲ ಮುಗಿದು ಜೀಪಿನ ಕಾಲ ಬಂತು. ಜೀಪಿನ ಕಾಲ ಹಿಂದೆ ಸರಿದು ಈಗ ಪಿಕಪ್ಪಿನ ಕಾಲ ನಡೆಯುತ್ತಿದೆ. 1996ರಲ್ಲಿ ಕಾಫಿಯ ಮುಕ್ತ ಮಾರಾಟ ಪೂರ್ಣವಾಗಿ ಜಾರಿಗೆ ಬಂದ ಮೇಲಂತೂ, ತನ್ನ ಮಾಲನ್ನು ತನಗೆ ಬೇಕಾದ ದಿನ, ಬೇಕಾದ ಕಡೆಗೆ ಒಯ್ಯಬಲ್ಲವನಿಗೆ ನಾಲ್ಕು ಕಾಸು ಹೆಚ್ಚು ಸಿಗುವುದು ಎಲ್ಲರಿಗೂ ತಿಳಿದ ವಿಷಯ. ಅಡಿಕೆಯ ಮಾತೂ ಅಷ್ಟೆ. ಮಂಡಿಯಲ್ಲಿ ಧಾರಣೆ ಏರಿದ ದಿನ ಬಾಡಿಗೆ ಗಾಡಿ ಸಿಗದೆ, ಗಾಡಿ ಸಿಕ್ಕಿದ ದಿನ ಧಾರಣೆ ಇಳಿದು ಪರಿತಪಿಸಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ!

ಹೊಸ ಗಾಡಿ ಕೊಳ್ಳುವುದು ಎರಡು, ಮೂರು ಎಕರೆಯವರ ಕೈಗೆ ಎಟುಕುವ ಮಾತಲ್ಲ. ಆದುದರಿಂದ ಹಳೆಯ ಡೀಸೆಲ್ ಪಿಕಪ್ಪಿನ ಕಡೆಗೆ ಕಣ್ಣು ಹೋಗುವುದು ಸಹಜ. ಇತ್ತೀಚೆಗೆ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಅನೇಕರು ಗೊಬ್ಬರದ ಮಾತು ಮುಗಿಸಿ, "ಒಂದು ಹಳೆ ಗಾಡಿ ನೋಡಿದ್ದೇನೆ, ತೆಗೆದುಕೊಳ್ಳಬಹುದೇ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆಗೇ ಹೇಳುವುದು ಮೇಲೆಂದು ಈ ಲೇಖನ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಎರಡು ಹಳೆ ಗಾಡಿ ಸಾಕಿ, ತಪ್ಪು ಮಾಡಿ, ದಂಡ ತೆತ್ತು ಕಲಿತವನು.

ಮೊದಲು ಕಾಗದದ ಮೇಲೆ ಲೆಕ್ಕ

ಗಾಡಿ ನೋಡಲು ಹೋಗುವ ಮುನ್ನ ಮನೆಯಲ್ಲೇ ಕುಳಿತು ಒಂದು ಲೆಕ್ಕ ಹಾಕಿರಿ. ಉದಾಹರಣೆಗೆ, ಮೂರೂವರೆ ಲಕ್ಷಕ್ಕೆ ಕೊಂಡು ಐದು ವರ್ಷ ಓಡಿಸಿ ಒಂದೂವರೆ ಲಕ್ಷಕ್ಕೆ ಮಾರಿದಿರೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 40,000 ರೂಪಾಯಿ ಸವಕಳಿ. ವಿಮೆ, ತೆರಿಗೆ, ಎಫ್‌ಸಿ ಸೇರಿ 25,000. ಟೈರು, ರಿಪೇರಿಗೆ 30,000 ಎಂದು ಹಿಡಿಯಿರಿ. ಒಟ್ಟು 95,000 ರೂಪಾಯಿ ಗಾಡಿ ಕದಲದಿದ್ದರೂ ಖರ್ಚು. ಹೋಗಿ ಬರುವ 50 ಕಿಲೋಮೀಟರಿನ ಒಂದು ಟ್ರಿಪ್ಪಿಗೆ, ಲೀಟರಿಗೆ 12 ಕಿಲೋಮೀಟರಿನಂತೆ, 90 ರೂಪಾಯಿ ದರದಲ್ಲಿ 375 ರೂಪಾಯಿಯ ಡೀಸೆಲ್ ಬೇಕು. ಅದೇ ಟ್ರಿಪ್ಪಿಗೆ ಬಾಡಿಗೆ ಗಾಡಿಯವನು 1,500 ಕೇಳುತ್ತಾನೆಂದರೆ ನಿಮಗೆ ಉಳಿಯುವುದು 1,125. ಹೀಗೆ ವರ್ಷಕ್ಕೆ 85 ಟ್ರಿಪ್ ಆದರೆ ಮಾತ್ರ ಖರ್ಚು, ಉಳಿತಾಯ ಸರಿಹೋದೀತು. ಇದರಲ್ಲಿ ಸಾಲದ ಬಡ್ಡಿಯಾಗಲಿ ಡ್ರೈವರ್ ಸಂಬಳವಾಗಲಿ ಸೇರಿಲ್ಲ.

ಅಂಕಿಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ. ವರ್ಷಕ್ಕೆ ಮೂವತ್ತೋ ನಲವತ್ತೋ ಟ್ರಿಪ್ ಮಾತ್ರ ಇರುವವರು ಬಾಡಿಗೆ ಗಾಡಿಯನ್ನೇ ನಂಬುವುದು ಲೇಸು. ಪಕ್ಕದ ಮನೆಯವರ ಬಾಗಿಲಲ್ಲಿ ಪಿಕಪ್ ನಿಂತಿದೆ ಎಂಬುದು ನಮ್ಮ ಬಾಗಿಲಲ್ಲೂ ಒಂದು ನಿಲ್ಲಬೇಕೆಂಬುದಕ್ಕೆ ಕಾರಣವಾಗಬಾರದು.

ಸಾಲದ ವಿಷಯದಲ್ಲಿ ಒಂದು ಮಾತು. 2023ರ ಜುಲೈ ತಿಂಗಳಲ್ಲಿ ಮಂಡಿಸಿದ ರಾಜ್ಯ ಆಯವ್ಯಯದಲ್ಲಿ, ಗುಡ್ಡಗಾಡು ಪ್ರದೇಶದ ರೈತರಿಗೆ ಪಿಕಪ್ ವ್ಯಾನ್ ಕೊಳ್ಳಲು ಶೇಕಡಾ 4ರ ಬಡ್ಡಿಯಲ್ಲಿ 7 ಲಕ್ಷ ರೂಪಾಯಿವರೆಗೆ ಸಾಲ ಕೊಡುವ ಯೋಜನೆಯನ್ನು ಪ್ರಕಟಿಸಲಾಗಿತ್ತು. ಖಾಸಗಿ ಫೈನಾನ್ಸಿನ ಹೆಚ್ಚಿನ ಬಡ್ಡಿಗೆ ಸಹಿ ಹಾಕುವ ಮುನ್ನ ನಿಮ್ಮ ಪತ್ತಿನ ಸಂಘದಲ್ಲಿ ಒಮ್ಮೆ ವಿಚಾರಿಸತಕ್ಕದ್ದು.

ಬೆಳಿಗ್ಗೆ ಹೋಗಿ ನೋಡಿರಿ

ಹಳೆಯ ಗಾಡಿಯನ್ನು ನೋಡಲು ಬೆಳಿಗ್ಗೆಯೇ ಹೋಗಬೇಕು; ಇಂಜಿನ್ ತಣ್ಣಗಿರಬೇಕು. "ಈಗ ತಾನೆ ಪೇಟೆಗೆ ಹೋಗಿ ಬಂದೆ" ಎಂದು ಬಿಸಿ ಇಂಜಿನ್ ತೋರಿಸುವವರ ಗಾಡಿಯನ್ನು ಇನ್ನೊಂದು ದಿನ ನೋಡಿರಿ. ತಣ್ಣಗಿನ ಡೀಸೆಲ್ ಇಂಜಿನ್ ಬೇಗನೆ ಹತ್ತಿಕೊಂಡರೆ ಅರ್ಧ ಪರೀಕ್ಷೆ ಮುಗಿದಂತೆ.

ಹೊಗೆಯ ಬಣ್ಣ ಬಹಳ ಹೇಳುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗು, ಬೋರು ಸವೆದಿರಬಹುದು. ದಟ್ಟ ಕಪ್ಪು ಹೊಗೆಯಾದರೆ ಏರ್ ಫಿಲ್ಟರ್ ಕಟ್ಟಿದೆ ಅಥವಾ ಇಂಜೆಕ್ಟರ್, ಪಂಪಿನ ಕೆಲಸ ಇದೆ. ಚಳಿಯಲ್ಲಿ ಮೊದಲ ಒಂದೆರಡು ನಿಮಿಷ ಬಿಳಿ ಹೊಗೆ ಬಂದರೆ ಹೆದರಬೇಕಾಗಿಲ್ಲ. ಇಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಮತ್ತು ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಅನುಮಾನ ಪಡಿರಿ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿರಿ. ಹೊಗೆ ರಭಸದಿಂದ ನುಗ್ಗಿ ಬಂದರೆ ಇಂಜಿನ್ ಕೆಲಸ ಹತ್ತಿರದಲ್ಲೇ ಇದೆ. ಮುಚ್ಚಳದ ಒಳಗೆ ಅಥವಾ ಆಯಿಲ್ ಕಡ್ಡಿಯಲ್ಲಿ ಮಜ್ಜಿಗೆಯಂಥ ಬಿಳಿ ಅಂಟು ಕಂಡರೆ ಆಯಿಲ್‌ಗೆ ನೀರು ಸೇರಿದೆಯೆಂದು ಅರ್ಥ.

ಮೀಟರಿನಲ್ಲಿ ಕಾಣುವ ಕಿಲೋಮೀಟರ್ ನಂಬತಕ್ಕದ್ದಲ್ಲ. ಅದನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಕ್ಲಚ್, ಬ್ರೇಕ್ ಪೆಡಲಿನ ರಬ್ಬರು, ಸ್ಟೇರಿಂಗಿನ ಸವಕಳಿ, ಸೀಟಿನ ಕುಳಿ ನೋಡಿದರೆ ಗಾಡಿಯ ನಿಜವಾದ ವಯಸ್ಸು ಕಾಣುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 3519 ಎಂದಿದ್ದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ಗೀರು ಎಷ್ಟೇ ಆಳವಾಗಿದ್ದರೂ ಮುದಿ ಟೈರು ಮುದಿ ಟೈರೇ.

ಗಾಡಿಯ ಅಡಿಗೆ ಬಗ್ಗಿ ನೋಡಿರಿ

ಇಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಚಾಸಿ ಹೋದರೆ ಗಾಡಿಯೇ ಹೋಯಿತು. ಗೋಣಿಚೀಲ ಹಾಸಿಕೊಂಡು ಟಾರ್ಚ್ ಹಿಡಿದು ಅಡಿಗೆ ಮಲಗಿ ನೋಡಲು ನಾಚಿಕೆ ಬೇಡ. ಹೊಸ ವೆಲ್ಡಿಂಗ್, ಸ್ಪ್ರಿಂಗ್ ಹಿಡಿಸಿದ ಜಾಗದಲ್ಲಿ ಬಿರುಕು, ಹೊಸದಾಗಿ ಬಳಿದ ಕಪ್ಪು ಬಣ್ಣ – ಈ ಮೂರರಲ್ಲಿ ಯಾವುದು ಕಂಡರೂ ಎರಡು ಸಲ ಯೋಚಿಸಿರಿ. ಬಣ್ಣದ ಕೆಳಗೆ ತುಕ್ಕು ಇದೆಯೇ ಎಂದು ಸ್ಕ್ರೂ ಡ್ರೈವರಿನಿಂದ ಕುಟ್ಟಿ ನೋಡಿರಿ. ಕರಾವಳಿಯ ಉಪ್ಪು ಗಾಳಿಯಲ್ಲಿ, ಮೀನಿನ ಬಾಡಿಗೆಯಲ್ಲಿ ಓಡಿದ ಗಾಡಿ ಮೇಲೆ ಮದುವಣಗಿತ್ತಿಯಂತೆ ಹೊಳೆದರೂ ಅಡಿಯಲ್ಲಿ ಬೇರೆಯೇ ಕಥೆ ಇರುತ್ತದೆ. ಸ್ಪ್ರಿಂಗಿಗೆ ಹೆಚ್ಚುವರಿ ಪಟ್ಟಿ ಸೇರಿಸಿದ್ದರೆ ಆ ಗಾಡಿ ಮಿತಿ ಮೀರಿ ಹೇರಿದ್ದೆಂದು ತಿಳಿಯಬಹುದು.

ಬಳಿಕ ನಿಮ್ಮ ತೋಟದ ಏರಿನಂಥ ಏರಿನಲ್ಲಿ, ಸಾಧ್ಯವಾದರೆ ಸ್ವಲ್ಪ ಭಾರ ಹೇರಿ, ಓಡಿಸಿ ನೋಡಿರಿ. ಏರಿನಲ್ಲಿ ಇಂಜಿನ್ ಕೂಗುತ್ತಿದ್ದು ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ಇಳಿಜಾರಿನಲ್ಲಿ ಕಾಲು ತೆಗೆದಾಗ ಗೇರು ತಾನಾಗಿ ಬಿಟ್ಟುಕೊಂಡರೆ ಗೇರ್‌ಬಾಕ್ಸ್ ಸವೆದಿದೆ. ಬ್ರೇಕ್ ಒತ್ತಿದಾಗ ಒಂದು ಪಕ್ಕಕ್ಕೆ ಎಳೆಯಬಾರದು.

2020ರ ಏಪ್ರಿಲ್ 1ರ ಅನಂತರದ ಗಾಡಿಗಳು ಬಿಎಸ್ 6 ದರ್ಜೆಯವು. ಇವುಗಳ ಹೊಗೆ ಕೊಳವೆಯಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಒಂದು ಸೋಸುಕ ಇರುತ್ತದೆ. ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಗಾಡಿ ಆಗಾಗ ಒಳ್ಳೆಯ ರಸ್ತೆಯಲ್ಲಿ ಒಂದೇ ಸಮನೆ ಓಡಬೇಕು. ತೋಟದಿಂದ ಕಣಕ್ಕೆ, ಕಣದಿಂದ ತೋಟಕ್ಕೆ ಮಾತ್ರ ತೆವಳುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ಖರ್ಚೂ ದೊಡ್ಡದು. ನಿಮ್ಮ ಓಡಾಟ ಎಂಥದೆಂದು ನೋಡಿಕೊಂಡು ಆರಿಸಿರಿ.

ಕಾಗದಪತ್ರದಲ್ಲಿ ದಾಕ್ಷಿಣ್ಯ ಬೇಡ

ಆರ್‌ಸಿಯಲ್ಲಿರುವ ಚಾಸಿ ನಂಬರು, ಇಂಜಿನ್ ನಂಬರುಗಳನ್ನು ಗಾಡಿಯ ಮೇಲಿನದರೊಡನೆ ಅಕ್ಷರ ಅಕ್ಷರ ತಾಳೆ ನೋಡಿರಿ. ಫೈನಾನ್ಸ್ ಸಾಲ ನಮೂದಾಗಿದ್ದರೆ, "ಸಾಲ ತೀರಿದೆ" ಎಂಬ ಬಾಯಿಮಾತು ಸಾಲದು. ಸಾಲ ಕೊಟ್ಟವರು ಸಹಿ ಮಾಡಿದ 35ನೇ ನಮೂನೆ ಕೈಗೆ ಬರಬೇಕು. ಕೇರಳವೋ ಬೇರೆ ರಾಜ್ಯವೋ ಆದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು. 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯ ನಂಬರು ಹಾಕಿಸಬೇಕು, ತೆರಿಗೆಯನ್ನೂ ಕಟ್ಟಬೇಕು. ಅಗ್ಗವೆಂದು ತಂದ ಗಾಡಿ ಆಗ ಅಗ್ಗವಾಗಿ ಉಳಿಯದು. ಸರಕು ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಆಗಬೇಕೆಂಬುದೂ ನೆನಪಿರಲಿ.

ಕೊಂಡ ಮೇಲೆ 29, 30ನೇ ನಮೂನೆ ತುಂಬಿ ಹೆಸರು ಬದಲಾವಣೆ ಮಾಡಿಸಿಕೊಳ್ಳಿ. ಕೊಟ್ಟವನು ರಾಜ್ಯದೊಳಗಾದರೆ 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕೆಂದು ಕಾನೂನು ಇದೆ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನದ ಅವಧಿ. ಈ ಮಾತು ಮಾರುವವರಿಗೂ ಅನ್ವಯಿಸುತ್ತದೆ. ಖಾಲಿ ನಮೂನೆಗೆ ಸಹಿ ಹಾಕಿ ಗಾಡಿ ಬಿಟ್ಟುಕೊಟ್ಟು ಮರೆತುಬಿಡುವ ಪದ್ಧತಿ ನಮ್ಮಲ್ಲಿದೆ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿಯೇ ಹೇಳಿದೆ: ಅಪಘಾತವಾದ ದಿನ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದೇ. ಗಾಡಿ ನಾಲ್ಕು ಕೈ ದಾಟಿದ್ದರೂ ನೋಟೀಸು ಬರುವುದು ನಿಮ್ಮ ಮನೆಗೆ.

ಹೇರುವುದರಲ್ಲಿ ಮಿತಿ

ಎಷ್ಟು ಹೇರಬಹುದೆಂಬುದು ಆರ್‌ಸಿಯಲ್ಲೇ ಇದೆ. ಒಟ್ಟು ತೂಕ 2,950 ಕಿಲೋ, ಖಾಲಿ ಗಾಡಿಯ ತೂಕ 1,700 ಎಂದಿದ್ದರೆ ಉಳಿಯುವುದು 1,250. ಮುಂದೆ ಕುಳಿತ ಇಬ್ಬರಿಗೆ 150 ಕಳೆದರೆ 1,100. ಅಂದರೆ 50 ಕಿಲೋದ 22 ಚೀಲ. "ಮೂವತ್ತೈದು ಚೀಲ ಸಲೀಸಾಗಿ ಎಳೆಯುತ್ತದೆ" ಎನ್ನುವವರು ಎಳೆಯುವ ಮಾತನ್ನಷ್ಟೇ ಆಡುತ್ತಾರೆ. ಘಾಟಿ ಇಳಿಯುವಾಗ ನಿಲ್ಲುತ್ತದೆಯೇ ಎಂಬುದೇ ಪ್ರಶ್ನೆ. ಏರಿದ ಗೇರಿನಲ್ಲೇ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು ಜೀವದ ಜೊತೆ ಜೂಜಾಡಿದಂತೆ.

ಪೊಟ್ಯಾಷ್, ಯೂರಿಯಾ ಹೇರಿದ ದಿನ ಸಂಜೆಯೇ ಹಿಂದಿನ ತೊಟ್ಟಿಯನ್ನು ತೊಳೆದುಬಿಡಿ. ಚೆಲ್ಲಿದ ಗೊಬ್ಬರದ ಉಪ್ಪು ತಗಡನ್ನು ತಿನ್ನುತ್ತದೆ. ಬೋರ್ಡೋ ದ್ರಾವಣದ ಬ್ಯಾರಲ್ ಸಾಗಿಸಿದಾಗಲೂ ಹಾಗೆಯೇ. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ನೀರು ತೆಗೆಯಿರಿ. ಆಯಿಲ್ ಬದಲಾಯಿಸುವ ದಿನವನ್ನು ಕೂಲಿ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟರೆ ಮರೆಯುವುದಿಲ್ಲ.

ಒಂದು ತಪ್ಪಿನ ಕಥೆ

ಕೊನೆಯದಾಗಿ, ಹೇಳಲು ಮನಸ್ಸಿಲ್ಲದಿದ್ದರೂ ಹೇಳಲೇಬೇಕಾದ ಒಂದು ಸಂಗತಿ. ಕೆಲವು ವರ್ಷಗಳ ಹಿಂದೆ, ಅರೇಬಿಕಾ ಕೊಯ್ಲಿನ ದಿನಗಳಲ್ಲಿ, ಅಕಾಲ ಮಳೆ ಬಿದ್ದು ಹಣ್ಣು ಉದುರತೊಡಗಿತ್ತು. ಆಳುಗಳ ಜೀಪು ಬರಲಿಲ್ಲ. ನಾನೇ ನಮ್ಮ ಡ್ರೈವರಿಗೆ, "ಪಿಕಪ್ಪಿನ ಹಿಂದೆ ಹತ್ತಿಸಿಕೊಂಡು ಬಾ, ಮೂರು ಮೈಲಿ ತಾನೆ" ಎಂದೆ. ಹನ್ನೊಂದು ಮಂದಿ ಇದ್ದರು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಕೆಸರಿನಲ್ಲಿ ಜಾರಿ ಗಾಡಿ ಧರೆಗೆ ಒರಗಿತು. ದೇವರ ದಯೆ, ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಹಣ್ಣು ಕೊಯ್ಯುತ್ತಿದ್ದ ಒಬ್ಬಾಕೆಯ ಕಾಲು ಎರಡು ಕಡೆ ಮುರಿಯಿತು. ಸರಕು ಗಾಡಿಯಲ್ಲಿ ಜನ ಸಾಗಿಸಿದ್ದೀರೆಂದು ವಿಮೆಯವರು ತಕರಾರು ತೆಗೆದರು. ಕಾನೂನಿನಂತೆ ಅವರ ಮಾತು ಸುಳ್ಳಲ್ಲ. ಸರಕು ಗಾಡಿಯಲ್ಲಿ ಬಿಟ್ಟಿಯಾಗಿ ಕುಳಿತು ಬಂದವರಿಗೆ ವಿಮೆಯ ರಕ್ಷಣೆ ಇಲ್ಲವೆಂದು 2002ರಲ್ಲೇ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ಆಸ್ಪತ್ರೆಯ ಖರ್ಚನ್ನೂ ಆಕೆಯ ಕೂಲಿಯನ್ನೂ ನಾನೇ ಕೊಟ್ಟೆ. ಆ ವರ್ಷದ ಕಾಫಿಯಲ್ಲಿ ಉಳಿದದ್ದು ಅದಕ್ಕೇ ಹೋಯಿತು. ಹಣದ ಮಾತು ಬಿಡಿ. ಆಕೆ ಈಗಲೂ ಕುಂಟುತ್ತಲೇ ನಮ್ಮ ಅಂಗಳ ದಾಟಿ ಹೋಗುತ್ತಾಳೆ, ಕಂಡಾಗ ನಕ್ಕು ಮಾತಾಡಿಸುತ್ತಾಳೆ. ನನಗೆ ತಲೆ ಎತ್ತಲಾಗುವುದಿಲ್ಲ.

ಗಾಡಿಯನ್ನು ಮೆಕ್ಯಾನಿಕ್ಕಿಗೆ ತೋರಿಸಿದ್ದೆ, ಕಾಗದವೆಲ್ಲ ನೋಡಿದ್ದೆ. ತಪ್ಪಿದ್ದು ಗಾಡಿಯಲ್ಲ, ನಾನು. ಆದುದರಿಂದ ಮಿತ್ರರೇ, ಹಳೆಯ ಗಾಡಿ ಕೊಳ್ಳಿ, ನೋಡಿ ಕೊಳ್ಳಿ, ಚೆನ್ನಾಗಿ ಸಾಕಿ. ಅದರಲ್ಲಿ ಕಾಫಿ ಹೇರಿ, ಅಡಿಕೆ ಹೇರಿ, ಗೊಬ್ಬರ ಹೇರಿ. ಜನರನ್ನು ಮಾತ್ರ ಹೇರಬೇಡಿ. ಈ ಕೊಯ್ಲಿಗೆ ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ಆಳುಗಳಿಗೆಂದೇ ಪರ್ಮಿಟ್ ಇರುವ ಒಂದು ಬಾಡಿಗೆ ವ್ಯಾನ್ ಗೊತ್ತು ಮಾಡಿಕೊಳ್ಳುವುದಾದರೆ, ಸಂಘದ ಕಚೇರಿಯಲ್ಲಿ ಹೆಸರು ಕೊಡಿ. ಮೊದಲ ಹೆಸರು ನನ್ನದೇ ಬರೆದಿಟ್ಟಿದ್ದೇನೆ.